ಮೋರಿಯ ಮೇಲಿನ ಹಲಗೆ

ನಮ್ಮ ಊರಿನ ಬಾಲವಾಡಿಯಲ್ಲಿ ‘ಆ’ ಎಂದರೆ ಆನೆ ಎಂದು ಹೇಳಿಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಇರುವ ಒಂದು ಆನೆಗೆ ಮೇವು ಹೊಂದಿಸುವುದರಲ್ಲೇ ಊರಿಗೆ ಸಾಕುಸಾಕಾಗಿದೆ. ಹೇಳಿಕೊಳ್ಳುವಂಥ ಆನೆಯೂ ಅಲ್ಲ, ಮೇಕೆಯಷ್ಟೇ ಎತ್ತರ. ಅದನ್ನು ಓದಿದ ಹುಡುಗ ಆನೆಯನ್ನು ಪುಸ್ತಕದ ಚಿತ್ರದಲ್ಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ. ಅವನಿಗೆ ತಿಳಿದಿದ್ದಷ್ಟೇ ಬಂತು. ‘ಇ’ಗೆ ಇಲಿಯನ್ನೂ ಬಿಟ್ಟಿದ್ದೇವೆ, ಅದರ ಕಥೆ ಬೇಡ. ‘ಅ’ಗೆ ಅರಸನನ್ನು ಬಿಡಬೇಕೆಂದು ಊರಿಗೆ ಬುದ್ಧಿ ಬರುವಷ್ಟರಲ್ಲಿ ಒಬ್ಬ ಅರಸ ಬಂದೇಬಿಟ್ಟಿದ್ದ. ಓದಿದ ಹುಡುಗಿ ನಾಟಕದ ಅರಸನನ್ನು ಮಾತ್ರ ನೋಡಿದ್ದರಿಂದ ಅವನು ರಟ್ಟಿನ ಕಿರೀಟ, ಕಾಡಿಗೆ ಮೀಸೆಯ ಸಮೇತ ಬಂದು, ‘ಯಾರಲ್ಲಿ, ನಮ್ಮ ಸಿಂಹಾಸನವೆಲ್ಲಿ’ ಎಂದು ಕೇಳಿದನಂತೆ. ಊರಿನವರು ಅವನಿಗೆ ಹೊಳೆಯ ದೋಣಿಯನ್ನು ತೋರಿಸಿದರು. ಅಂದಿನಿಂದ ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವನ ಕೆಲಸ. ಕಿರೀಟ ನೆನೆಯಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳುತ್ತಾನೆ.

ಮಗು ತಾನಾಗಿ ಓದಿದ ಮೊದಲ ಪದ ಎಲ್ಲಿರಬೇಕೋ ಅಲ್ಲಿಗೆ ಬಂದು ನಿಲ್ಲುತ್ತದೆ. ಎರಡನೆಯದು ಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಜಾತಕಕ್ಕೂ ಮುಂಚೆ ‘ಹುಡುಗಿ ಮೊದಲು ಏನು ಓದಿದ್ಲು’ ಎಂದು ಕೇಳುತ್ತಾರೆ. ಮಕ್ಕಳ ಹೆಸರನ್ನಂತೂ ಸ್ಲೇಟಿನ ಮೇಲೆ ಬರೆಯುವ ಹಾಗೇ ಇಲ್ಲ. ಅಕ್ಕಸಾಲಿಗರ ಬೀದಿಯಲ್ಲಿ ಇಬ್ಬರು ಮರಿಯಪ್ಪಂದಿರಿದ್ದಾರೆ, ಅವರು ಅವಳಿಗಳಲ್ಲ. ಇನ್ನೊಬ್ಬ ಹುಡುಗ ಅಜ್ಜಿ ಎಂದು ಓದಿ, ಮನೆಯಲ್ಲಿದ್ದ ಅಜ್ಜಿಯ ಜೊತೆಗೆ ಮತ್ತೊಬ್ಬ ಅಜ್ಜಿ ಬಂದು, ಎಲೆಅಡಿಕೆ ಡಬ್ಬಿ ಯಾರದೆಂಬ ಜಗಳ ಇನ್ನೂ ಹರಿದಿಲ್ಲ. ನಾನು ಓದಿದ್ದು ಸೂಜಿ. ಬಂಗಾರದ ಸರ ಓದಿಸಬೇಕೆಂದು ನನ್ನ ಅಮ್ಮ ಎಷ್ಟು ಪಾಡುಪಟ್ಟಿದ್ದಳೋ. ಆ ಸೂಜಿ ಇವತ್ತಿಗೂ ನನ್ನ ಸೆರಗಿನಲ್ಲಿದೆ. ತುಕ್ಕು ಹಿಡಿದಿಲ್ಲ, ಮೊಂಡಾಗಿಲ್ಲ. ವನಮಾಲಾ ಟೀಚರ ನಾಲಿಗೆಯೂ ಹಾಗೇ ಎಂದು ಊರಿನವರು ನನ್ನ ಬೆನ್ನ ಹಿಂದೆ ಹೇಳುತ್ತಾರೆ. ಮುಂದೆ ಹೇಳುವ ಧೈರ್ಯವಿರುವುದು ಪುರಸಭೆಯ ಅಧ್ಯಕ್ಷ ರುದ್ರಮುನಿಯಪ್ಪನವರಿಗೆ ಮಾತ್ರ.

ರುದ್ರಮುನಿಯಪ್ಪನವರು ಓದಿದ್ದು ಗಡಿಯಾರ. ಸಣ್ಣಪುಟ್ಟದ್ದಲ್ಲ, ಪುರಸಭೆಯ ಗೋಪುರದ ಮೇಲಿನ ದೊಡ್ಡ ಗಡಿಯಾರ. ಐದು ವರ್ಷದ ರುದ್ರಮುನಿಗೆ ಆಗ ಗಂಟೆ ನೋಡಲು ಬರುತ್ತಿರಲಿಲ್ಲವಾದ್ದರಿಂದ ಆ ಗಡಿಯಾರಕ್ಕೂ ಬರುವುದಿಲ್ಲ. ಮನಸ್ಸಿಗೆ ಬಂದಾಗ ಹನ್ನೊಂದು ಹೊಡೆಯುತ್ತದೆ. ಆದರೂ ಊರಿಗೆ ಗಡಿಯಾರ ಕೊಟ್ಟ ಮನುಷ್ಯ ಎಂಬ ಗತ್ತು ಅವರನ್ನು ಬಿಟ್ಟಿಲ್ಲ. ಆ ಗತ್ತಿನಲ್ಲೇ ಅವರು ಕಳೆದ ವರ್ಷ ಬೇಸಿಗೆಯಲ್ಲಿ ಬಾಲವಾಡಿಗೆ ಬಂದು, ಮಕ್ಕಳ ಚಿಕ್ಕ ಕುರ್ಚಿಯ ಮೇಲೆ ಕಷ್ಟಪಟ್ಟು ಕುಳಿತು, ‘ಟೀಚರ್, ಈ ಸಲ ಸೇತುವೆ ಓದಿಸ್ಬೇಕು’ ಎಂದರು.

ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆ, ಸಂತೆ, ದೊಡ್ಡ ಶಾಲೆ ಎಲ್ಲ ಇರುವುದು ಹೊಳೆಯ ಆಚೆ. ಮಳೆ ಎಲ್ಲೋ ಮೇಲೆ ಬೀಳುತ್ತದೆ, ಹೊಳೆ ನಮ್ಮ ಊರಿಗೆ ಬಂದು ತುಂಬುತ್ತದೆ. ಅಷ್ಟು ತಿಂಗಳು ಅರಸ ದೋಣಿಯನ್ನು ದಡಕ್ಕೆ ಕಟ್ಟಿ, ಅದರೊಳಗೆ ಕಾಲು ಚಾಚಿ ಮಲಗಿ, ರಾಜ್ಯಭಾರ ಮಾಡುತ್ತಾನೆ. ಸರ್ಕಾರದವರು ಸೇತುವೆಗೆ ಶಂಕುಸ್ಥಾಪನೆ ಮಾಡಿದ ಕಲ್ಲುಗಳು ಹೊಳೆಯ ದಂಡೆಯಲ್ಲಿ ಸಾಲಾಗಿವೆ. ಬಟ್ಟೆ ಒಗೆಯಲು ಬಹಳ ಅನುಕೂಲ.

ಆ ವರ್ಷ ನನ್ನ ಹತ್ತಿರ ಓದು ಬಾರದ ಮಕ್ಕಳು ಇದ್ದದ್ದೇ ಮೂವರು. ಅದರಲ್ಲಿ ಒಬ್ಬ ಹುಡುಗ ಅಧ್ಯಕ್ಷರು ಹೇಳಿಹೋದ ವಾರದಲ್ಲೇ ಬೇಕರಿಯ ಮುಂದೆ ನಿಂತು ‘ಬನ್’ ಎಂದು ಓದಿಬಿಟ್ಟ. ಬಂತು ಒಂದು ಬನ್. ಅವನೇ ತಿಂದ. ಎರಡನೆಯವಳು ಅಂಗಡಿಯ ಗೋಡೆಯ ಜಾಹೀರಾತು ನೋಡಿ ‘ಬೀಗ’ ಎಂದಳು. ಬೀಗ ಬಂದು ಪುರಸಭೆಯ ಬಾಗಿಲಿಗೇ ಬಿತ್ತು, ಕೀಲಿ ಬರಲಿಲ್ಲ. ನಮ್ಮ ಪುರಸಭೆಯವರು ಈಗಲೂ ಕಿಟಕಿಯಿಂದಲೇ ಹತ್ತಿ ಇಳಿಯುತ್ತಾರೆ. ಉಳಿದದ್ದು ಚಂದ್ರಿ ಒಬ್ಬಳು.

ಚಂದ್ರಿಗೆ ಐದು ತುಂಬಿತ್ತು. ಅಪ್ಪ ಇಲ್ಲ. ಅಮ್ಮ ಶಿವಲೀಲಾ ಆಚೆ ದಡದ ಆಸ್ಪತ್ರೆಯಲ್ಲಿ ಆಯಾ. ಹೊಳೆ ಇಳಿದಿರುವಾಗ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಂಜೆ ಬರುವಳು. ಹೊಳೆ ತುಂಬಿತೆಂದರೆ ಅಲ್ಲೇ ಉಳಿದುಕೊಳ್ಳುವಳು. ಮಗು ಅಜ್ಜಿ ಹೊನ್ನಮ್ಮನ ಹತ್ತಿರ. ಹಿಂದಿನ ಮಳೆಗಾಲದಲ್ಲಿ ಹೊಳೆ ತುಂಬಿದ್ದಷ್ಟು ತಿಂಗಳು ಸಂಜೆಯಾಯಿತೆಂದರೆ ಶಿವಲೀಲಾ ಆಚೆ ದಡದಲ್ಲಿ ಬಂದು ನಿಲ್ಲುತ್ತಿದ್ದಳು, ಚಂದ್ರಿ ಈಚೆ ದಡದಲ್ಲಿ. ಇಬ್ಬರೂ ಕೈ ಬೀಸುವರು. ಶಿವಲೀಲಾ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಏನೋ ಕೂಗುವಳು. ಹೊಳೆಯ ಸದ್ದಿನಲ್ಲಿ ಅದು ಈಚೆಗೆ ಬರುತ್ತಿರಲಿಲ್ಲ. ಬಾಲವಾಡಿ ದಂಡೆಯ ಮೇಲೇ ಇರುವುದರಿಂದ ನಾನು ಮನೆಗೆ ಹೊರಡುವಾಗ ಆ ಹುಡುಗಿ ನನ್ನ ಸೆರಗು ಹಿಡಿದು ಕೇಳುತ್ತಿದ್ದಳು.

‘ಟೀಚರ್, ಅಮ್ಮ ಏನಂತಾಳೆ?’

ನನಗೆ ಮಾತ್ರ ಹೇಗೆ ಗೊತ್ತಾಗಬೇಕು? ಆದರೆ ಆ ಮುಖ ನೋಡಿ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ‘ಊಟ ಆಯ್ತಾ ಅಂತಾಳೆ’ ಎಂದೆ.

ಚಂದ್ರಿ ಹೊಳೆಯ ಕಡೆ ತಿರುಗಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ, ‘ಆಯ್ತೂ’ ಎಂದು ಕೂಗಿದಳು. ಆಮೇಲೆ ಅದು ದಿನದ ರೂಢಿಯಾಯಿತು. ಕೇಳುವುದು, ಹೇಳುವುದು, ಕೂಗುವುದು. ‘ದಿನಾ ಅದನ್ನೇ ಕೇಳ್ತಾಳಾ’ ಎಂದು ಒಮ್ಮೆ ಅನುಮಾನಪಟ್ಟಳು. ‘ಅಮ್ಮಂದಿರು ಇನ್ನೇನ್ ಕೇಳ್ತಾರೆ’ ಎಂದು ಸುಮ್ಮನಾಗಿಸಿದೆ.

ಆದ್ದರಿಂದ ಚಂದ್ರಿಗೆ ಸೇತುವೆ ಓದಿಸಬೇಕೆಂದು ಊರೆಲ್ಲ ಒಟ್ಟಾದಾಗ ನನಗೂ ಸಂತೋಷವೇ ಆಯಿತು. ಊರಿಗೆ ದಾರಿಯಾಗುತ್ತದೆ, ಮಗುವಿಗೆ ತಾಯಿ ಸಿಗುತ್ತಾಳೆ. ಆದರೆ ಅವಳು ಅದಕ್ಕೆ ಮುಂಚೆ ಸೋಪು, ಸೋಡ ಎಂದು ಏನಾದರೂ ಓದಿಬಿಟ್ಟರೆ ಅಲ್ಲಿಗೆ ಮುಗಿಯಿತು. ರುದ್ರಮುನಿಯಪ್ಪನವರು ಅದಕ್ಕೂ ಉಪಾಯ ಕಂಡುಹಿಡಿದರು. ಊರಿನಲ್ಲಿ ಕಣ್ಣಿಗೆ ಬೀಳುವ ಅಕ್ಷರವನ್ನೆಲ್ಲ ಮುಚ್ಚಿಸಿದರು.

ಅಂಗಡಿಗಳ ಬೋರ್ಡಿಗೆ ಹಳೆ ಸೀರೆ ಬಂತು. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಿತ್ತು. ಹುಡುಗರು ಅಕ್ಷರವಿದ್ದ ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟರು. ಬಿಸ್ಕತ್ತನ್ನು ಪೊಟ್ಟಣದಿಂದ ಬಿಡಿಸಿ ಡಬ್ಬಿಗೆ ಹಾಕಿ ಮಾರಿದರು. ಪೇಪರು ಓದುವವರು ಕದ ಹಾಕಿಕೊಂಡು, ಸೇದುವುದನ್ನು ಕಲಿತ ಹುಡುಗರ ಹಾಗೆ ಕಳ್ಳತನದಲ್ಲಿ ಓದಿದರು. ಜವಳಿ ಅಂಗಡಿಗೆ ಹೋಗಿ ಔಷಧಿ ಕೇಳುವವರು, ಔಷಧಿ ಅಂಗಡಿಯಲ್ಲಿ ಕಾಫಿಪುಡಿ ಕೇಳುವವರು ಹೆಚ್ಚಿದರು. ಅಂಗಡಿಯವರು ಹೇಗೂ ಬಂದಿರಲ್ಲ ಎಂದು ಎರಡು ಮಾತಾಡಿ ಕಳಿಸುತ್ತಿದ್ದರು. ಪುರಸಭೆಯ ಗುಮಾಸ್ತನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೋರ್ಡಿನ ಮೇಲೆ ಹೊದಿಸಿದ ಬಟ್ಟೆಗಳ ಮೇಲೆಲ್ಲ ದಪ್ಪಕ್ಷರದಲ್ಲಿ ‘ಓದಬೇಡಿ’ ಎಂದು ಬರೆಸಿಬಿಟ್ಟಿದ್ದ. ಹುಡುಗಿ ಇದನ್ನೇ ಓದಿದರೆ ಊರಿಗೆ ಏನು ಬರಬಹುದು? ನಾನೇ ಸುಣ್ಣದ ಬಕೆಟ್ಟು ಹಿಡಿದು, ಅವನನ್ನು ಬೈಯುತ್ತ, ಬೀದಿ ಬೀದಿ ಬಳಿದುಕೊಂಡು ಬಂದೆ.

ಬಾಲವಾಡಿಯಲ್ಲಿ ಉಳಿದದ್ದು ಒಂದೇ ಕಾರ್ಡು, ಅದರ ಮೇಲೆ ಒಂದೇ ಪದ. ಅದನ್ನು ಸೂಜಿಯಿಂದ ಪರದೆಗೆ ಚುಚ್ಚಿ, ‘ಸೇತುವೆ’ ಎಂದು ಹೇಳಿಕೊಟ್ಟೆ. ಚಂದ್ರಿ ಬುದ್ಧಿವಂತೆ, ಒಂದೇ ಸಲಕ್ಕೆ ಹಿಡಿದಳು. ತೋರಿಸಿದರೆ ಸೇತುವೆ ಎನ್ನುವಳು. ತಲೆಕೆಳಗು ಮಾಡಿ ತೋರಿಸಿದೆ, ಸೇತುವೆ. ಹಿಂದುಮುಂದು ಮಾಡಿ ಬರೀ ಬಿಳಿ ಬೆನ್ನು ತೋರಿಸಿದೆ, ಆಗಲೂ ಸೇತುವೆ. ಇದು ಗಿಣಿಪಾಠ, ಓದಲ್ಲ ಎಂದು ತಿಳಿಯಲು ನನಗೇನೂ ಬಹಳ ಹೊತ್ತು ಬೇಕಾಗಲಿಲ್ಲ. ಮಗು ‘ಸ’ವನ್ನು ಸರದಲ್ಲಿ ನೋಡಬೇಕು, ಸೊಪ್ಪಿನಲ್ಲಿ ನೋಡಬೇಕು, ಸೇಬಿನಲ್ಲಿ ನೋಡಬೇಕು, ಎಲ್ಲ ಕಡೆ ಕಂಡ ಮೇಲೆ ಓಹೋ ಇವನೇ ಅವನು ಎಂದು ಗುರುತು ಹಿಡಿಯುತ್ತದೆ. ಒಂದೇ ಮನೆಯಲ್ಲಿ ಕೂಡಿಹಾಕಿದ ಅಕ್ಷರಗಳು ಅವಳಿಗೆ ಅಕ್ಷರಗಳೇ ಅಲ್ಲ, ಗೋಡೆಯ ಮೇಲಿನ ಒಂದು ಕಲೆ. ಆದರೆ ಸರ, ಸೇಬು ತೋರಿಸಿದರೆ ಅದನ್ನೇ ಮೊದಲು ಓದಿಬಿಡುತ್ತಾಳೆ. ಹಾಗಾದರೆ ಕಲಿಸುವುದು ಹೇಗೆ?

ಇದನ್ನು ರುದ್ರಮುನಿಯಪ್ಪನವರಿಗೆ ಹೇಳಲು ಹೋದೆ. ಅವರು ಕಿಟಕಿಯಿಂದ ಅರ್ಧ ಇಳಿದಿದ್ದರು. ‘ಏನ್ ಟೀಚರ್, ಇರೋದೇ ಮೂರಕ್ಷರ. ಅದನ್ನ ಕಲ್ಸಕ್ಕೆ ಇಷ್ಟು ದಿನ ಬೇಕಾ?’

‘ಗಡಿಯಾರಾನೂ ನಾಲ್ಕೇ ಅಕ್ಷರ ಸಾರ್. ಇವತ್ತಿಗೂ ಟೈಮ್ ತೋರ್ಸಲ್ಲ’ ಎಂದೆ.

ಅವರು ಪೂರ್ತಿ ಇಳಿದು ಪಂಚೆ ಸರಿಮಾಡಿಕೊಂಡರು. ‘ಅದಕ್ಕೇ ನೋಡಿ ಈ ಸಲ ಚಿತ್ರ ತರ್ಸಿದೀನಿ’ ಎಂದು ಒಂದು ಕ್ಯಾಲೆಂಡರು ಕೊಟ್ಟರು. ಅದರಲ್ಲಿ ಯಾವುದೋ ದೂರದ ಊರಿನ ಉಕ್ಕಿನ ಸೇತುವೆ ಇತ್ತು, ಅದರ ಮೇಲೆ ಸಾಲಾಗಿ ಲಾರಿಗಳು. ಕೆಳಗಿನ ಅಕ್ಷರಗಳನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಚಂದ್ರಿಗೆ ತೋರಿಸಿ ಇದೇನು ಹೇಳು ಎಂದೆ. ಅವಳು ಬಹಳ ಹೊತ್ತು ನೋಡಿ, ‘ಏಣಿ ಮಲ್ಕೊಂಡಿದೆ’ ಎಂದಳು. ಅವಳ ತಪ್ಪಲ್ಲ. ನಮ್ಮ ಊರಿನಲ್ಲಿ ಹುಟ್ಟಿ ಹೊಳೆ ದಾಟದ ಮಗು ಸೇತುವೆಯನ್ನು ಎಲ್ಲಿ ನೋಡಬೇಕು? ‘ಸೇತುವೆ ಅಂದ್ರೆ ಏನು ಗೊತ್ತಾ’ ಎಂದು ಕೇಳಿದೆ. ‘ಗೊತ್ತು. ದೊಡ್ಡೋರು ನನ್ನ ಕೇಳೋದು’ ಎಂದಳು. ಎಲ್ಲರೂ ಕಂಡಕಂಡಲ್ಲಿ ಅವಳನ್ನು ನಿಲ್ಲಿಸಿ, ಎಲ್ಲಿ ಸೇತುವೆ ಅನ್ನು ಪುಟ್ಟಿ ಎಂದು ಕೇಳಿ ಕೇಳಿ, ಮಗುವಿಗೆ ಅದೊಂದು ಪ್ರಶ್ನೆಯ ಹೆಸರಾಗಿತ್ತು.

ಅಧ್ಯಕ್ಷರು ಕಾಯಲಿಲ್ಲ. ಹೊಳೆ ಅರ್ಧ ತುಂಬಿದ ಒಂದು ಸೋಮವಾರ ದಂಡೆಯ ಮೇಲೆ ಚಪ್ಪರ ಹಾಕಿಸಿದರು. ಬ್ಯಾಂಡಿನವರು ಬಂದರು. ಸೇತುವೆಗೆ ಕಟ್ಟಲು ರಿಬ್ಬನ್ನು, ಕತ್ತರಿಸಲು ಕತ್ತರಿ, ಹಂಚಲು ಲಾಡು, ಎಲ್ಲ ತಯಾರು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಎಂದರೆ ಇದೇ. ಸೇತುವೆಯ ಮೇಲೇ ದಾಟಿ ಬರಬೇಕೆಂದು ಶಿವಲೀಲಾ ಹೊಸ ಸೀರೆ ಉಟ್ಟು ಆಚೆ ದಡದಲ್ಲಿ ನಿಂತಿದ್ದಳು. ಮನೆಬಾಗಿಲಷ್ಟು ದೊಡ್ಡ ಬೋರ್ಡಿನ ಮೇಲೆ ‘ಸೇತುವೆ’ ಎಂದು ಬರೆಸಿ ಪರದೆ ಹಾಕಿದ್ದರು. ಪರದೆ ಎಳೆಯುವ ಮುಂಚೆಯೇ ಚಂದ್ರಿ ‘ಸೇತುವೆ’ ಎಂದಳು. ಪರದೆ ಎಳೆದರು. ಇನ್ನೊಂದು ಸಲ ಎಂದಳು. ಬ್ಯಾಂಡಿನವರು ಆತುರಪಟ್ಟು ಬಾರಿಸಿಯೂ ಬಿಟ್ಟರು. ಹೊಳೆ ಮಾತ್ರ ಇದ್ದ ಹಾಗೇ ಹರಿಯಿತು. ‘ಜೋರಾಗಿ ಹೇಳವ್ವಾ’ ಎಂದು ಹಿಂದಿನಿಂದ ಯಾರೋ ಅಂದರು. ಅವಳು ಜೋರಾಗಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ‘ನಾನು ಹೇಳಿದ್ನಲ್ಲ ಟೀಚರ್, ಅಮ್ಮ ಯಾಕೆ ಬರ್ಲಿಲ್ಲ’ ಎಂದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಅದು ತುದಿಯಲ್ಲೂ ನಿಲ್ಲಲಿಲ್ಲ. ಅಧ್ಯಕ್ಷರನ್ನು ಬಿಡಲಿಲ್ಲ, ಬ್ಯಾಂಡಿನವರನ್ನು ಬಿಡಲಿಲ್ಲ, ಲಾಡು ಮುರಿದು ಬಾಯಿಗಿಟ್ಟುಕೊಂಡಿದ್ದವರನ್ನೂ ಬಿಡಲಿಲ್ಲ. ಐದು ವರ್ಷದ ಮಗುವಿನ ಹೆಗಲ ಮೇಲೆ ಇಡೀ ಊರು ಹತ್ತಿ ಕುಳಿತರೆ ಅದು ಓದುವುದು ಹೇಗೆ ಎಂದು ಕೇಳಿದೆ. ಅದರಲ್ಲಿ ನಾನೂ ಹತ್ತಿ ಕುಳಿತಿದ್ದೆ ಎಂಬುದು ಬೈಯುವಾಗಲೇ ನೆನಪಾಗಿ ದುಃಖ ಬಂತು. ರುದ್ರಮುನಿಯಪ್ಪನವರು ರಿಬ್ಬನ್ನನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಲಾಡಿನ ಪೊಟ್ಟಣವೊಂದನ್ನು ಚಂದ್ರಿಯ ಕೈಗೆ ಕೊಟ್ಟು ಹೋದರು. ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಆತುರ.

ಮರುದಿನ ಸೀರೆಗಳೆಲ್ಲ ಕಳಚಿ ಬೋರ್ಡುಗಳು ಹೊರಬಂದವು. ಜನಕ್ಕೆ ಸಾಕಾಗಿತ್ತು. ಮುಂದಿನ ವರ್ಷ ಬೇರೆ ಮಗು ನೋಡಿದರಾಯಿತು ಎಂದರು. ಅವರಿಗೆ ಮುಂದಿನ ವರ್ಷವಿತ್ತು, ಚಂದ್ರಿಗೆ ಇದ್ದದ್ದು ಒಂದೇ ಓದು. ಹೊನ್ನಮ್ಮ ಮೊಮ್ಮಗಳನ್ನು ಕೈಹಿಡಿದು ಬಾಲವಾಡಿಗೆ ಬಿಡಲು ಬಂದವಳು, ‘ಬೀದೀಲಿ ಕಣ್ಣು ಕಟ್ಟೇ ಕರ್ಕಂಡ್ ಬರ್ಲಾ ವನಮಾಲವ್ವ? ಏನಾರ ಓದ್ಬುಟ್ಟಾಳು’ ಎಂದಳು. ಅವಳ ಕೈಯಲ್ಲಿ ನಿಜವಾಗಿಯೂ ಒಂದು ಬಟ್ಟೆ ಇತ್ತು.

ನಾನು ರಾತ್ರಿಯೇ ಒಂದು ತೀರ್ಮಾನಕ್ಕೆ ಬಂದಿದ್ದೆ. ‘ಕಟ್ಬೇಡಿ. ಏನಾದ್ರೂ ಓದ್ಲಿ. ಕಣ್ಣು ಕಟ್ಕೊಂಡು ಯಾರೂ ಓದೋದು ಕಲ್ತಿಲ್ಲ’ ಎಂದೆ. ಅವತ್ತೇ ಚಂದ್ರಿಯ ಕೈ ಹಿಡಿದು ಪೇಟೆಬೀದಿಯಲ್ಲಿ ನಡೆಸಿಕೊಂಡು ಹೋದೆ. ಅಕ್ಷರ ತೋರಿಸಿ ಸದ್ದು ಹೇಳಿದೆ. ಇದು ಸ, ಇದು ತ, ಇದು ವ. ಬನ್ನಿನ ಹುಡುಗ, ಬೀಗದ ಹುಡುಗಿ ಇಬ್ಬರೂ ಜೊತೆಗೆ ಬಂದು, ಅವರದು ಹೇಗೂ ಆಗಿಹೋಗಿದ್ದರಿಂದ, ಕಂಡದ್ದನ್ನೆಲ್ಲ ಕಿರುಚಿ ಓದುತ್ತಿದ್ದರು. ತಂಪುಪಾನೀಯದ ಅಂಗಡಿಯ ಮುಂದೆ ಚಂದ್ರಿ ನಿಂತಳು. ಬೋರ್ಡಿನ ಮೇಲೆ ಬೆರಳಿಟ್ಟು, ‘ಸೋ’ ಎಂದಳು. ಬೆರಳು ಸರಿಸಿ, ‘ಡ’ ಎಂದಳು.

ನನ್ನ ಕೈ ತಾನಾಗಿ ಅವಳ ಬಾಯಿ ಮುಚ್ಚಲು ಮೇಲೆದ್ದಿತು. ಇನ್ನೊಂದು ಉಸಿರಿಗೆ ಸೋಡ ಎಂದುಬಿಟ್ಟರೆ ಒಂದು ಬಾಟಲಿ ಸೋಡ ಬರುತ್ತದೆ, ಅವಳ ಅಮ್ಮ ಆಚೆ ದಡದಲ್ಲೇ ಉಳಿಯುತ್ತಾಳೆ. ಅಂಗಡಿಯವನೂ ಗಾಬರಿಯಾಗಿ ಬೋರ್ಡಿನ ಮೇಲೆ ಟವೆಲ್ಲು ಎಸೆಯಲು ನೋಡಿದ. ಬೇಡ ಎಂದು ಅವನಿಗೆ ಸನ್ನೆ ಮಾಡಿ, ನನ್ನ ಕೈಯನ್ನೂ ಕೆಳಗಿಳಿಸಿದೆ. ಓದಲು ಹೊರಟ ಮಗುವಿನ ಬಾಯಿ ಮುಚ್ಚಿದ ಮೇಲೆ ನಾನು ಯಾವ ಸೀಮೆಯ ಟೀಚರು?

ಚಂದ್ರಿ ಸೋ, ಡ, ಸೋ, ಡ ಎಂದು ನಾಲ್ಕಾರು ಸಲ ಹೇಳಿ, ಬೇಸರದಿಂದ ಬೆರಳು ತೆಗೆದಳು. ‘ಎರಡೂ ದೂರ ದೂರ ಇದಾವೆ ಟೀಚರ್. ಇದರಿಂದ ಅದಕ್ಕೆ ಹೋಗೋದು ಹೆಂಗೆ?’

ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇಷ್ಟು ಸರಿಯಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ವಾಪಸು ಬಂದು ಬಾಲವಾಡಿಯ ಬಾಗಿಲಿನಲ್ಲಿ ನಿಂತೆ. ಬಾಗಿಲ ಮುಂದೆ ಮೋರಿ, ಮೋರಿಯ ಮೇಲೆ ಹಲಗೆ. ಮುರಿದ ಬೆಂಚಿನದು. ಮಧ್ಯದಲ್ಲಿ ಒಂದು ಬಾಗಿದ ಮೊಳೆ ಎದ್ದುಕೊಂಡಿದೆ, ಅದಕ್ಕೆ ಸಿಕ್ಕಿ ಹರಿಯದ ಸೀರೆ ಊರಿನಲ್ಲಿಲ್ಲ. ಮೂಲೆಯಲ್ಲಿ ಯಾವ ಕಾಲದಲ್ಲೋ ಯಾವ ಮಗುವೋ ಕೆತ್ತಿದ ಮೀನು. ಆ ಹಲಗೆಯ ಮೇಲೆ ನಾವು ದಿನಾ ದಾಟುತ್ತೇವೆ, ನೋಡುವುದಿಲ್ಲ. ಚಂದ್ರಿ ಅದರ ಆಚೆ ನಿಂತಿದ್ದಳು, ನಾನು ಈಚೆ. ಮೋರಿಯಲ್ಲಿ ನೀರು ಗುಳುಗುಳು ಹರಿಯುತ್ತಿತ್ತು. ಒಳಗೆ ಹೋಗಿ ಸೀಮೆಸುಣ್ಣ ತಂದೆ.

ಹಲಗೆಯ ಈಚೆ ತುದಿಯಲ್ಲಿ ‘ಸೇ’ ಬರೆದೆ. ನಡುವೆ ‘ತು’. ಆಚೆ ತುದಿಯಲ್ಲಿ ‘ವೆ’. ಇದು ಆಟ ಎಂದು ಮಕ್ಕಳಿಗೆ ಹೇಳಿದೆ. ಒಂದು ಅಕ್ಷರದ ಮೇಲೆ ಕಾಲಿಟ್ಟವರು ಅದರ ಸದ್ದನ್ನು ಮಾಡುತ್ತಲೇ ಇರಬೇಕು. ಮುಂದಿನದರ ಮೇಲೆ ಕಾಲಿಡುವವರೆಗೆ ನಿಲ್ಲಿಸಬಾರದು. ನಿಲ್ಲಿಸಿದವರು ಮೋರಿಗೆ ಬಿದ್ದಂತೆ. ಚಂದ್ರಿ ಮೊದಮೊದಲು ಪ್ರತಿ ಸಲವೂ ಮೋರಿಗೆ ಬಿದ್ದಳು. ಕಾಲು ಎತ್ತುವಾಗ ಅವಳ ದನಿಯೂ ನಿಂತುಹೋಗುತ್ತಿತ್ತು. ನಾನೂ ಜೊತೆಗೆ ದಾಟಿದೆ, ಸೀರೆ ಹರಿದುಕೊಂಡೆ. ಹುಡುಗರ ಕಾಲಿಗೆ ಸಿಕ್ಕಿ ಅಕ್ಷರ ಅಳಿಸಿಹೋಗುತ್ತಿತ್ತು, ದಿನಾ ಬೆಳಿಗ್ಗೆ ಮತ್ತೆ ಬರೆಯುತ್ತಿದ್ದೆ. ಆ ದಿನಗಳಲ್ಲಿ ಹೊಳೆ ಪೂರ್ತಿ ತುಂಬಿತು. ಅರಸ ದೋಣಿ ಕಟ್ಟಿಹಾಕಿ ಬಿಡುವಾಗಿದ್ದುದರಿಂದ ನಮ್ಮ ಆಟ ನೋಡಲು ಬಂದು ಜಗಲಿಯ ಮೇಲೆ ಕೂರುತ್ತಿದ್ದ. ‘ಭಳಿರೇ ಬಾಲೆ, ಧ್ವನಿಯನ್ನು ಕಡಿಯದಿರು’ ಎಂದು ಹುರಿದುಂಬಿಸುತ್ತಿದ್ದ. ಅವನಿಂದ ನನಗೆ ಉಪದ್ರವವೇನೂ ಆಗಲಿಲ್ಲ.

ಹೀಗೆ ಒಂದು ಬೆಳಿಗ್ಗೆ ನಾನು ಹಲಗೆಯ ಆಚೆ ತುದಿಯಲ್ಲಿ ಕುಳಿತು ಬೀಗದ ಹುಡುಗಿಯ ಜಡೆ ಬಿಗಿಯುತ್ತಿದ್ದೆ. ಚಂದ್ರಿ ತನ್ನಷ್ಟಕ್ಕೆ ಆಡುತ್ತಿದ್ದಳು. ಸೇಏಏ ಎನ್ನುತ್ತ ಹೆಜ್ಜೆ ಎತ್ತಿದಳು, ದನಿ ನಿಲ್ಲಲಿಲ್ಲ. ತುಉಉ ಎನ್ನುತ್ತ ಮೊಳೆಯನ್ನು ದಾಟಿದಳು. ವೆ ಎಂದು ನನ್ನ ಪಕ್ಕಕ್ಕೆ ಬಂದು ನಿಂತಳು. ತಿರುಗಿ ಮೊದಲಿನ ತುದಿಗೆ ಓಡಿ, ಈ ಸಲ ಬೇಗ ಬೇಗ ಬಂದಳು. ಮೂರನೆಯ ಸಲ ಬರುವಾಗ ಓಡಿಯೇ ಬಂದಳು. ನನ್ನ ಹತ್ತಿರ ನಿಂತು, ಏದುಸಿರು ಬಿಡುತ್ತ, ತನ್ನ ಕಾಲು ನೋಡಿಕೊಂಡಳು. ಹಿಂತಿರುಗಿ ಹಲಗೆಯನ್ನು ನೋಡಿದಳು, ಅದರ ಮೇಲಿನ ಅಕ್ಷರಗಳನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನೋಡಿದಳು. ಕೆಳಗೆ ಹರಿಯುವ ನೀರನ್ನೂ ನೋಡಿದಳು.

‘ಸೇತುವೆ’ ಎಂದಳು ಮೆಲ್ಲಗೆ. ಆಮೇಲೆ, ‘ಟೀಚರ್, ಇದೇ ಅಲ್ವಾ ಅದು? ಈ ಕಡೆಯಿಂದ ಆ ಕಡೆಗೆ ಬರೋದು?’

ನಾನು ಹೌದು ಎನ್ನುವಷ್ಟರಲ್ಲಿ ಹೊಳೆಯ ಕಡೆಯಿಂದ ದೊಡ್ಡ ಮರ ಉರುಳಿದ ಹಾಗೆ ಸದ್ದಾಯಿತು. ಪುರಸಭೆಯ ಗಡಿಯಾರ ಹನ್ನೊಂದು ಹೊಡೆಯಿತು. ಅರ್ಧ ಹೆಣೆದ ಜಡೆಯನ್ನು ಅಲ್ಲಿಗೇ ಬಿಟ್ಟು, ಚಂದ್ರಿಯನ್ನು ಎತ್ತಿಕೊಂಡು ನಾನು ದಂಡೆಗೆ ಓಡಿದೆ. ನನ್ನ ವಯಸ್ಸಿಗೆ ಅದು ಓಟವೇ.

ಈ ದಡದಿಂದ ಆ ದಡಕ್ಕೆ ಒಂದು ಹಲಗೆ ಬಿದ್ದಿತ್ತು. ನಮ್ಮ ಮೋರಿಯ ಹಲಗೆಯೇ. ಅದೇ ಮಾಸಿದ ಬಣ್ಣ, ಅದೇ ಅಗಲ, ಉದ್ದ ಮಾತ್ರ ಹೊಳೆಯಷ್ಟು. ಮೂಲೆಯಲ್ಲಿ ಅದೇ ಮೀನು. ಈ ತುದಿಯಲ್ಲಿ ಸೀಮೆಸುಣ್ಣದ ‘ಸೇ’ ನನ್ನ ಕೈಬರಹದಲ್ಲೇ ಇತ್ತು. ‘ತು’ ದೂರದಲ್ಲಿ ನೀರಿನ ನಡುವೆ ಬೆಳ್ಳಗೆ ಕಾಣುತ್ತಿತ್ತು. ಕಂಬ ಇಲ್ಲ, ಕಟಕಟೆ ಇಲ್ಲ, ಆದರೂ ಅಲುಗಾಡದೆ ನಿಂತಿತ್ತು. ಮೋರಿಯ ಹಲಗೆ ಬೀಳಬಹುದೆಂದು ಚಂದ್ರಿಗೆ ಯಾವತ್ತೂ ಅನ್ನಿಸಿರಲಿಲ್ಲವಲ್ಲ, ಆದ್ದರಿಂದ ಇದಕ್ಕೂ ಬೀಳುವುದು ಗೊತ್ತಿಲ್ಲ.

ಊರೆಲ್ಲ ಬಂದು ಸೇರಿತು. ರುದ್ರಮುನಿಯಪ್ಪನವರು ಕಿಟಕಿ ಹಾರಿದ ರಭಸದಲ್ಲೇ ಓಡಿಬಂದು, ನೋಡಿ, ‘ಲಾರಿ ಹೋಗಲ್ಲ’ ಎಂದರು.

‘ಹೋಗಲ್ಲ’ ಎಂದೆ.

‘ಎತ್ತಿನ ಗಾಡಿ?’

‘ಅದೂ ಹೋಗಲ್ಲ ಸಾರ್. ಮನುಷ್ಯರು ಹೋಗಬಹುದು. ಆನೆ ಹೋಗಬಹುದು, ನಮ್ಮದು.’

ಅವರು ನಕ್ಕುಬಿಟ್ಟರು. ಜೇಬಿಗೆ ಕೈಹಾಕಿ ಅವತ್ತಿನ ರಿಬ್ಬನ್ನನ್ನು ಹೊರತೆಗೆದರು. ಅಷ್ಟು ದಿನವೂ ಅದನ್ನು ಇಟ್ಟುಕೊಂಡೇ ಓಡಾಡುತ್ತಿದ್ದರೆಂದು ಆಗ ಗೊತ್ತಾಯಿತು. ಕಟ್ಟಲು ಕಟಕಟೆ ಇರಲಿಲ್ಲವಾದ್ದರಿಂದ ಚಂದ್ರಿಯ ಜಡೆಗೆ ಕಟ್ಟಿದರು. ಇನ್ನು ಮೇಲೆ ತನ್ನ ದೋಣಿಯ ಗತಿಯೇನು ಎಂದು ಅರಸ ಗಡ್ಡ ಕೆರೆದುಕೊಳ್ಳುತ್ತಿದ್ದವನು, ಹಲಗೆಯ ಮೇಲೆ ಒಬ್ಬರು ಬರುವಾಗ ಎದುರಿನಿಂದ ಇನ್ನೊಬ್ಬರು ಬರುವಂತಿಲ್ಲ ಎಂಬುದನ್ನು ಕಂಡು, ಕಿರೀಟದ ಮೇಲಿನ ಚೀಲ ತೆಗೆದು ಹಲಗೆಯ ಬಾಯಿಯಲ್ಲಿ ಹೋಗಿ ನಿಂತ. ‘ಯಾರಲ್ಲಿ! ಈ ದಡದ ಪ್ರಜೆಗಳು ತಡೆಯಲಿ. ಆ ದಡದಿಂದ ತಾಯಿಯೊಬ್ಬಳು ಬರುತ್ತಿದ್ದಾಳೆ’ ಎಂದು ಕೂಗಿದ.

ಶಿವಲೀಲಾ ಆಗಲೇ ಹಲಗೆ ಹತ್ತಿದ್ದಳು. ಆಸ್ಪತ್ರೆಯ ನೀಲಿ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಳಗೆ ಕೆಂಪಗೆ ಸುತ್ತುವ ನೀರನ್ನು ನೋಡದೆ, ಮಗಳನ್ನು ನೋಡುತ್ತ ಬರುತ್ತಿದ್ದಳು. ನಡುವೆ ಮೊಳೆಗೆ ಸೆರಗು ಸಿಕ್ಕಿಕೊಂಡಿತು. ಅವಳು ನಿಲ್ಲಲಿಲ್ಲ, ಪರ್ ಎಂದು ಹರಿದದ್ದು ದಡಕ್ಕೆಲ್ಲ ಕೇಳಿಸಿತು. ಚಂದ್ರಿ ನನ್ನ ಸೊಂಟದಿಂದ ಜಾರಿ ಇಳಿದು, ಹಲಗೆಯ ತುದಿಯಲ್ಲಿ, ‘ಸೇ’ ಮೇಲೆ ಎರಡೂ ಕಾಲಿಟ್ಟು ನಿಂತಳು. ಹೊನ್ನಮ್ಮ ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಅದರಲ್ಲಿ ಮುಚ್ಚಿಡುವುದೇನಿದೆ.

ಶಿವಲೀಲಾ ಬಂದಳು. ಚಪ್ಪಲಿ ಕೆಳಗೆ ಹಾಕಿ, ಮಂಡಿಯೂರಿ, ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಅಷ್ಟು ತಿಂಗಳಿಂದ ಹೊಳೆಯ ಆಚೆ ನಿಂತು ಕೂಗಿದ್ದನ್ನು ಈಗ ಮೆಲ್ಲಗೆ, ಕಿವಿಯ ಹತ್ತಿರವೇ ಕೇಳಿದಳು.

‘ಊಟ ಆಯ್ತಾ?’

ನಾನು ಬೆರಗಾಗಿ ನಿಂತೆ. ಚಂದ್ರಿಗೆ ಬೆರಗೇನೂ ಆಗಲಿಲ್ಲ.

‘ಗೊತ್ತು, ದಿನಾ ಅದನ್ನೇ ಕೇಳ್ತೀಯ’ ಎಂದಳು. ‘ಟೀಚರ್ ಹೇಳಿದಾರೆ. ಇವತ್ತು ಇನ್ನೂ ಆಗಿಲ್ಲ.’